ಎಷ್ಟು ಮನ್ಸಾನ?

ಸ್ಪ್ಯಾನಿಷ್ ಕಲಿಸುವ ಆ್ಯಪ್‌ಗಳಿಗೆ ಒಂದು ಕೆಂಪು ಸೇಬು ಸಿಕ್ಕಿದರೆ ಸಾಕು. ಕೆಳಗೆ ‘ಮನ್ಸಾನ’ ಅಂತ ಬರೆದು, ಟಿಂಗ್ ಅನ್ನಿಸಿ, ನಕ್ಷತ್ರ ಕೊಟ್ಟು ಮುಂದಕ್ಕೆ ಕಳಿಸುತ್ತವೆ. ಆಮೇಲೆ ನಿಕರಾಗುವಾದ ಕಾಫಿ ಬೆಳೆಗಾರರ ಬಗ್ಗೆ ಏನೋ ಓದುತ್ತಿದ್ದೆ. ಅಲ್ಲೊಬ್ಬ ರೈತನಿಗೆ ಐದು ಮನ್ಸಾನ ಇದೆಯಂತೆ, ಮೂರರಲ್ಲಿ ಕಾಫಿ ಹಾಕಿದ್ದಾನಂತೆ. ಸೇಬಿನೊಳಗೆ ಕಾಫಿ ತೋಟ!

“ಸಂದರ್ಭ ನೋಡಿ ಅರ್ಥ ಮಾಡ್ಕೊಳ್ಳಿ” ಅನ್ನುತ್ತಾರೆ ಕಲಿಸುವವರು. ಈ ಮಾತಿಗೆ ನನಗೆ ಮೈಯೆಲ್ಲ ಉರಿಯುತ್ತದೆ. ಸಂದರ್ಭ ಅಷ್ಟು ಚೆನ್ನಾಗಿ ತಿಳಿಯುವ ಹಾಗಿದ್ದರೆ ಇವರಿಗೆ ಫೀಸು ಯಾಕೆ ಕಟ್ಟಬೇಕಿತ್ತು? ನನ್ನದೇ ಒಂದು ಉಪಾಯ ಇದೆ, ಆಮೇಲೆ ಹೇಳುತ್ತೇನೆ.

ಮಧ್ಯ ಅಮೆರಿಕದಲ್ಲಿ ಮನ್ಸಾನ ಜಮೀನಿನ ಅಳತೆಯೂ ಹೌದು. ನಮ್ಮ ಲೆಕ್ಕದಲ್ಲಿ ಸುಮಾರು 70 ಗುಂಟೆ. ಊರೊಳಗೆ ಬಂದರೆ, ನಾಲ್ಕು ಬೀದಿಗಳ ನಡುವೆ ಇರುವ ಮನೆಗಳ ಚೌಕ. ಅದರ ಒಂದು ಬದಿ ಕ್ವಾದ್ರ.

ಕ್ವಾದ್ರ ಅಂದರೆ ಮನಾಗುವಾ ಬಗ್ಗೆ ಹೇಳದೆ ಇರೋಕಾಗಲ್ಲ. ನಿಕರಾಗುವಾದ ಈ ರಾಜಧಾನಿಯ ನಡುಭಾಗ 1972ರ ಡಿಸೆಂಬರ್ ಭೂಕಂಪದಲ್ಲಿ ನೆಲಕ್ಕೊರಗಿತು. ಊರು ಹೋಯಿತು, ಗುರುತುಗಳು ಮಾತ್ರ ಜನರ ಬಾಯಲ್ಲಿ ಉಳಿದವು. ಅಲ್ಲಿ ಬೀದಿಯ ಹೆಸರು, ಮನೆ ನಂಬರ್ ಯಾರಿಗೂ ಅಷ್ಟಾಗಿ ಬೇಕಿಲ್ಲ. ಒಂದು ಗುರುತು ಹಿಡಿದು, ಅಲ್ಲಿಂದ ಕ್ವಾದ್ರ ಎಣಿಸುತ್ತಾರೆ. ಉತ್ತರಕ್ಕೆ ಹೋಗಬೇಕಾದರೆ ‘ಸರೋವರದ ಕಡೆ’. ಸೂರ್ಯ ಹುಟ್ಟುವ ಪೂರ್ವ ‘ಮೇಲೆ’, ಮುಳುಗುವ ಪಶ್ಚಿಮ ‘ಕೆಳಗೆ’. ನೆಲ ಎತ್ತರವೋ ತಗ್ಗೋ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಇನ್ನು ಆ ಗುರುತು ಈಗಲೂ ಇರಲೇಬೇಕು ಅಂತೇನೂ ಇಲ್ಲ. ‘ಹಿಂದೆ ಟಾಕೀಸು ಇದ್ದ ಜಾಗದಿಂದ ಎರಡು ಕ್ವಾದ್ರ ಸರೋವರದ ಕಡೆ, ಒಂದು ಮೇಲೆ’ ಅನ್ನುವಂಥದ್ದೂ ವಿಳಾಸವೇ. ಟಾಕೀಸು ಬಿದ್ದ ಮೇಲೆ ಹುಟ್ಟಿದ ಹುಡುಗನೂ ಅದು ಎಲ್ಲಿತ್ತು ಅಂತ ತಿಳಿದುಕೊಂಡೇ ಪಾರ್ಸೆಲ್ ತರಬೇಕು. ನಮ್ಮ ಗೇಟಿನ ಮುಂದೆಯೇ ನಿಂತು “ಲೊಕೇಶನ್ ಕಳ್ಸಿ ಸಾರ್” ಅಂತ ಫೋನ್ ಮಾಡುವವರನ್ನು ಸುಮ್ನೆ ಒಂದು ವಾರ ಅಲ್ಲಿಗೆ ಕಳಿಸಬೇಕು.

ಹಾಂ, ಉಪಾಯ. ತೂಗಿದರೆ ಹಣ್ಣು. ಅಳೆದರೆ ಜಮೀನು. ಸುತ್ತು ಹಾಕಿದರೆ ಊರಿನ ಚೌಕ. ಸುಲಭ, ಅಲ್ವಾ?

ಆದರೆ ಬಾರ್ಸೆಲೋನಾದಲ್ಲಿ ಇದು ಕೈಕೊಡುತ್ತದೆ. ಅಲ್ಲಿನ ಒಂದೇ ಚೌಕದಲ್ಲಿ ಗೌಡಿ ಸೇರಿ ಮೂವರು ಹೆಸರಾಂತ ವಾಸ್ತುಶಿಲ್ಪಿಗಳು ಕೈಯಾಡಿಸಿದ ಮನೆಗಳಿವೆ. ಒಂದಕ್ಕೊಂದು ಹೊಂದುವುದಿಲ್ಲ. ಜನ ಅದಕ್ಕೆ ‘ಮನ್ಸಾನ ದೆ ಲಾ ದಿಸ್ಕೋರ್ದಿಯ’ ಅಂತ ಹೆಸರಿಟ್ಟರು. ಜಗಳದ ಚೌಕ ಅಂತಲೂ ಆಯಿತು, ಗ್ರೀಕ್ ದೇವತೆಯರನ್ನು ಜಗಳಕ್ಕೆ ಹಚ್ಚಿದ ಚಿನ್ನದ ಸೇಬು ಅಂತಲೂ ಆಯಿತು. ಅದನ್ನು ತೂಗುವುದೋ, ಸುತ್ತು ಹಾಕುವುದೋ? ಈ ತಮಾಷೆಯನ್ನು ಇಂಗ್ಲಿಷಿನಲ್ಲಿ ಐದು ನಿಮಿಷ ವಿವರಿಸಿ, ಆಮೇಲೆ ನಾವು ನಗಲಿ ಅಂತ ಕಾಯುವ ಗೈಡುಗಳೂ ಇದ್ದಾರೆ. ಅವರನ್ನು ಬೈಯೋಕೆ ಬೇರೆಯೇ ಪ್ರಬಂಧ ಬೇಕು.