ಒಬ್ಬ ಹುಡುಗಿಯನ್ನು ಉಳಿಸಿ ಅನ್ನುವ ಸಾಲು

ಎರಡೇ ಪುಟದ ಅನುವಾದ. ಒಂದು ಸಂಜೆಗೆ ಮುಗಿಯುತ್ತದೆ ಅಂದುಕೊಂಡು ಒಪ್ಪಿಕೊಂಡಿದ್ದೆ. ನಾಲ್ಕು ದಿನ ಹಿಡಿಯಿತು.

ಹೆಣ್ಣುಮಕ್ಕಳ ಜನನಾಂಗ ಕೊಯ್ಯುವ ಪದ್ಧತಿಯನ್ನು ನಿಲ್ಲಿಸಲು ದುಡಿಯುವ ಒಂದು ಸಂಸ್ಥೆ (ಹೆಸರು ಬೇಡ ಬಿಡಿ) ತನ್ನ ದೇಣಿಗೆ ಕರಪತ್ರವನ್ನು ಕನ್ನಡಕ್ಕೆ ಮಾಡಿಕೊಡಿ ಅಂತ ಕೇಳಿತ್ತು. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ. ಇದಕ್ಕೆ ಕನ್ನಡದಲ್ಲಿ ಏನನ್ನುವುದು? ಪತ್ರಿಕೆಗಳು 'ಸ್ತ್ರೀ ಜನನಾಂಗ ಛೇದನ' ಅಂತ ಬರೆಯುತ್ತವೆ. ಓದಿದರೆ ಯಾವುದೋ ಆಪರೇಷನ್ ಹೆಸರು ಇದ್ದ ಹಾಗಿದೆ, ಎಲ್ಲೂ ನೋವಾಗುವುದಿಲ್ಲ. 'ಹೆಣ್ಣುಮಕ್ಕಳ ಸುನ್ನತಿ' ಅಂದರೆ ಗಂಡುಮಕ್ಕಳಿಗೆ ಮಾಡುವಂಥದ್ದೇ ಅಂತ ಜನ ತಿಳಿದುಕೊಳ್ಳುತ್ತಾರೆ. ಇದು ಅದಲ್ಲ. ಇಲ್ಲಿ ಸಾಮಾನ್ಯವಾಗಿ ಚಂದ್ರನಾಡಿಯನ್ನು (ಯೋನಿಯ ಮೇಲ್ತುದಿಯಲ್ಲಿರುವ ಸೂಕ್ಷ್ಮ ಅಂಗ) ಅರ್ಧವೋ ಪೂರ್ತಿಯೋ ತೆಗೆಯುತ್ತಾರೆ. ಕೆಲವು ಕಡೆ ಯೋನಿಯ ತುಟಿಗಳನ್ನೂ ಕೊಯ್ದು, ಮೂತ್ರಕ್ಕೂ ಮುಟ್ಟಿಗೂ ಸಣ್ಣದೊಂದು ತೂತು ಬಿಟ್ಟು ಹೊಲಿಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಯಾವ ಬಗೆಯಿಂದಲೂ ಆರೋಗ್ಯಕ್ಕೆ ಒಂದೇ ಒಂದು ಲಾಭವಿಲ್ಲ ಅಂತ ಸ್ಪಷ್ಟವಾಗಿ ಹೇಳಿದೆ. ರಕ್ತಸ್ರಾವ, ಸೋಂಕು, ಮೂತ್ರದ ತೊಂದರೆ, ಹೆರಿಗೆಯಲ್ಲಿ ತಾಯಿಗೂ ಮಗುವಿಗೂ ಅಪಾಯ.

ಕೊನೆಗೆ 'ಕೊಯ್ಯುವುದು' ಅಂತಲೇ ಬರೆದೆ. ಅರ್ಥ ಕೇಳುವ ಅಗತ್ಯ ಯಾರಿಗೂ ಇರುವುದಿಲ್ಲ.

ಎರಡನೇ ದಿನ ಇನ್ನೊಂದು ಸಾಲಿಗೆ ಬಂದೆ. 'ನಿಮ್ಮ ದೇಣಿಗೆ ಒಬ್ಬ ಹುಡುಗಿಯನ್ನು ಚಾಕುವಿನಿಂದ ಉಳಿಸುತ್ತದೆ.' ಮೇಲೆ ಅಳುತ್ತಿರುವ ಒಂದು ಮಗುವಿನ ಫೋಟೋ, ಮುಖ ಪೂರ್ತಿ ಕಾಣುವ ಹಾಗೆ. ಅನುವಾದ ಮಾಡುವುದು ಕಷ್ಟವಾಗಿರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಈ ವಿಷಯದ ಬಗ್ಗೆ ಸಾಕಷ್ಟು ಓದಿಬಿಟ್ಟಿದ್ದೆ. ಆ ಸಾಲು ಸುಳ್ಳು ಅನ್ನಿಸಿತು. ಸಂಸ್ಥೆಯವರು ಮೋಸಗಾರರು ಅಂತ ಹೇಳುತ್ತಿಲ್ಲ. ಈ ಪದ್ಧತಿ ಇರುವ ರೀತಿಯೇ ಹಾಗೆ, ಒಬ್ಬ ಹುಡುಗಿಯನ್ನು ಎತ್ತಿ ಆಚೆ ಇಡಲು ಬರುವುದಿಲ್ಲ.

ಎಡ್ನಾ ಅದಾನ್ ಇಸ್ಮಾಯಿಲ್ ಅವರ ಕಥೆ ನೋಡಿ. ಪೂರ್ವ ಆಫ್ರಿಕಾದ ಸೋಮಾಲಿಲ್ಯಾಂಡಿನವರು, ಸೂಲಗಿತ್ತಿ ತರಬೇತಿ ಪಡೆದ ನರ್ಸ್. 1976ರಷ್ಟು ಹಿಂದೆಯೇ ಸಭೆಯಲ್ಲಿ ನಿಂತು ಈ ಬಗ್ಗೆ ಬಾಯಿಬಿಟ್ಟು ಮಾತಾಡಿದವರು. ಮುಂದೆ ತಮ್ಮ ದುಡ್ಡು ಹಾಕಿ ಅಲ್ಲಿನ ರಾಜಧಾನಿ ಹರ್ಗೇಸಾದಲ್ಲಿ ಹೆರಿಗೆ ಆಸ್ಪತ್ರೆ ಕಟ್ಟಿಸಿದರು, 2002ರಲ್ಲಿ ಅದು ಶುರುವಾಯಿತು. ಅವರ ಅಪ್ಪ ಡಾಕ್ಟರ್. ಅಪ್ಪನಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಆತ ಊರಲ್ಲಿ ಇಲ್ಲದ ಹೊತ್ತು ನೋಡಿ ಅಮ್ಮ, ಅಜ್ಜಿ ಸೇರಿ ಏಳೆಂಟು ವರ್ಷದ ಮಗುವಿಗೆ ಮಾಡಿಸಿಬಿಟ್ಟರು. ವಾಪಸ್ ಬಂದ ಅಪ್ಪ ಅತ್ತುಬಿಟ್ಟರಂತೆ. ಮನೆಯಲ್ಲೇ ಡಾಕ್ಟರ್ ಇದ್ದರೂ, ಆತ ಬೇಡ ಅಂದರೂ, ಒಂದು ಮಗುವನ್ನು ಉಳಿಸಲು ಆಗಲಿಲ್ಲ.

ಅಮ್ಮ, ಅಜ್ಜಿ ರಾಕ್ಷಸಿಯರಾ? ಕರಪತ್ರ ಓದಿದರೆ ಹಾಗನ್ನಿಸುತ್ತದೆ. ಅವರ ಲೆಕ್ಕ ಬೇರೆ. ಕೊಯ್ಯಿಸದ ಹುಡುಗಿಗೆ ಗಂಡು ಸಿಗುವುದಿಲ್ಲ. ಅವಳನ್ನು ಕೊಳಕು ಅನ್ನುತ್ತಾರೆ. ಕೆಲವು ಕಡೆ ಅವಳು ಮಾಡಿದ ಅಡುಗೆ ಉಣ್ಣುವುದಿಲ್ಲ, ತಂದ ನೀರು ಕುಡಿಯುವುದಿಲ್ಲ. ಮಗಳನ್ನು ಪ್ರೀತಿಸುವ ತಾಯಿ ಒಬ್ಬಳೇ ಏನು ಮಾಡಬೇಕು ಹೇಳಿ?

ಅಮೆರಿಕದ ಗೆರಿ ಮ್ಯಾಕಿ ಎಂಬ ವಿದ್ವಾಂಸ 1996ರಲ್ಲಿ ಇದನ್ನು ಚೀನಾದ ಕಾಲು ಕಟ್ಟುವ ಪದ್ಧತಿಯ ಪಕ್ಕಕ್ಕಿಟ್ಟು ನೋಡಿದರು. ಅಲ್ಲೂ ಹೀಗೇ. ಹೆಣ್ಣುಮಗುವಿನ ಪಾದ ಮುರಿದು ಕಟ್ಟದಿದ್ದರೆ ಒಳ್ಳೆಯ ಸಂಬಂಧ ಬರುತ್ತಿರಲಿಲ್ಲ. ನೂರಾರು ವರ್ಷ ನಡೆದದ್ದು ನಿಂತಾಗ ಬೇಗ ನಿಂತಿತು. ಯಾಕೆ? ಅಪ್ಪ ಅಮ್ಮಂದಿರು ಸಂಘ ಕಟ್ಟಿಕೊಂಡು ಎರಡು ಆಣೆ ಮಾಡಿದರು. ನಮ್ಮ ಮಗಳ ಕಾಲು ಕಟ್ಟುವುದಿಲ್ಲ ಅನ್ನುವುದು ಒಂದು. ಕಾಲು ಕಟ್ಟಿದ ಹುಡುಗಿಯನ್ನು ನಮ್ಮ ಮಗನಿಗೆ ತಂದುಕೊಳ್ಳುವುದಿಲ್ಲ ಅನ್ನುವುದು ಇನ್ನೊಂದು. ಎರಡನೆಯದರಲ್ಲೇ ಜಾಣತನ ಇರುವುದು. ಮಗಳ ತಾಯಿಗಿದ್ದ ಭಯಕ್ಕೆ ಮಗನ ತಾಯಿ ಉತ್ತರ ಕೊಟ್ಟ ಹಾಗಾಯಿತು.

ಇದನ್ನು ಪುಸ್ತಕದಲ್ಲಿ ಓದದೆಯೇ ಕಂಡುಕೊಂಡವರು ಪಶ್ಚಿಮ ಆಫ್ರಿಕಾದ ಸೆನೆಗಲ್‌ನ ಹಳ್ಳಿಯವರು. ಮೋಲಿ ಮೆಲ್ಚಿಂಗ್ ಎಂಬ ಅಮೆರಿಕನ್ ಮಹಿಳೆ 1991ರಲ್ಲಿ ಅಲ್ಲಿ ಟೋಸ್ಟನ್ ಎಂಬ ಸಂಸ್ಥೆ ಕಟ್ಟಿದರು. ವೊಲೊಫ್ ಭಾಷೆಯಲ್ಲಿ ಆ ಮಾತಿಗೆ ಮರಿ ಮೊಟ್ಟೆ ಒಡೆದು ಬರುವುದು ಅನ್ನುವ ಅರ್ಥವಿದೆ. ಅವರು ಕೊಯ್ಯುವುದರ ವಿರುದ್ಧ ಪ್ರಚಾರಕ್ಕೆ ಹೋದವರಲ್ಲ. ಹಳ್ಳಿಯ ಹೆಂಗಸರಿಗೆ ಅವರದೇ ಭಾಷೆಯಲ್ಲಿ ಪಾಠ ಮಾಡುತ್ತಿದ್ದರು, ಓದು, ಲೆಕ್ಕ, ಆರೋಗ್ಯ, ಹಕ್ಕು ಹೀಗೆ. ಹೆಂಗಸರ ದೇಹದ ಪಾಠ ಬಂದಾಗ ಮೊದಮೊದಲು ಎಲ್ಲರೂ ತಲೆ ತಗ್ಗಿಸಿ ಸುಮ್ಮನೆ ಕೂತರು. ಆಮೇಲೆ ಒಬ್ಬೊಬ್ಬರಾಗಿ ಮಾತಾಡಿದರು. 1997ರ ಜುಲೈ 31ರಂದು ಮಾಲಿಕುಂಡಾ ಬಂಬಾರಾ ಎಂಬ ಹಳ್ಳಿಯ ಹೆಂಗಸರು ಪತ್ರಕರ್ತರ ಮುಂದೆ ನಿಂತು, ನಾವು ಇನ್ನು ಮಾಡುವುದಿಲ್ಲ ಅಂದರು.

ಅವರಿಗೆ ಚಪ್ಪಾಳೆ ಸಿಗಲಿಲ್ಲ. ಸುತ್ತಲಿನವರು ಛೀಮಾರಿ ಹಾಕಿದರು. ಮನೆತನದ ಗುಟ್ಟು ಬೀದಿಗೆ ತಂದಿರಿ ಅಂತ ಬೈದರು.

ಆಗ ಬಂದವರು ದೆಂಬಾ ಜವಾರಾ ಎಂಬ ವಯಸ್ಸಾದ ಇಮಾಮ್. ಅವರೂ ಮೊದಲು ಪದ್ಧತಿ ಬಿಡುವುದಕ್ಕೆ ವಿರೋಧವಿದ್ದವರೇ. ಅವರು ಹೇಳಿದ್ದು ಇಷ್ಟು: ಒಂದು ಹಳ್ಳಿ ಬಿಟ್ಟರೆ ಆಗುವುದಿಲ್ಲ, ನಾವು ಹೆಣ್ಣು ಕೊಟ್ಟು ತರುವ ಊರುಗಳೆಲ್ಲ ಒಟ್ಟಿಗೆ ಬಿಡಬೇಕು. ಹೇಳಿ ಸುಮ್ಮನಿರಲಿಲ್ಲ. ನೆಂಟರಿರುವ ಹಳ್ಳಿಗಳಿಗೆ ಕಾಲ್ನಡಿಗೆಯಲ್ಲಿ ಹೊರಟರು. ಹೋದ ಕಡೆ ಯಾರನ್ನೂ ಬೈಯಲಿಲ್ಲ, ಮೊದಲು ನೆಂಟಸ್ತಿಕೆಯ ಮಾತು, ಆಮೇಲೆ ಇದು. 1998ರ ಫೆಬ್ರವರಿಯಲ್ಲಿ ಹದಿಮೂರು ಹಳ್ಳಿಗಳು ಒಟ್ಟಿಗೆ ಘೋಷಣೆ ಮಾಡಿದವು. ಮುಂದಿನ ವರ್ಷ, 1999ರಲ್ಲಿ, ಸೆನೆಗಲ್ ಸರ್ಕಾರ ಇದನ್ನು ನಿಷೇಧಿಸುವ ಕಾನೂನು ತಂದಿತು. ಅಲ್ಲಿಂದ ಇಲ್ಲಿಯವರೆಗೆ ಹಲವು ದೇಶಗಳಲ್ಲಿ ಸಾವಿರಾರು ಹಳ್ಳಿಗಳು ಹಾಗೆ ಘೋಷಿಸಿವೆ.

ಟೋಸ್ಟನ್‌ನವರು 'ಊನಗೊಳಿಸುವುದು' (ಇಂಗ್ಲಿಷಿನ 'ಮ್ಯುಟಿಲೇಶನ್') ಅನ್ನುವ ಮಾತನ್ನು ಬಳಸುವುದಿಲ್ಲ. ಆ ಪದ ಕೇಳಿದ ಕೂಡಲೇ ತಾಯಂದಿರು ಬಾಗಿಲು ಹಾಕಿಕೊಳ್ಳುತ್ತಾರೆ, ನಾನು ನನ್ನ ಮಗಳನ್ನು ಊನ ಮಾಡಿದೆನಾ ಅಂತ. ಅವರೂ 'ಕೊಯ್ಯುವುದು' ಅಂತಲೇ ಅನ್ನುತ್ತಾರೆ. ಇದನ್ನು ಓದಿದಾಗ ನನ್ನ ಅನುವಾದದ ಬಗ್ಗೆ ಸ್ವಲ್ಪ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸೇತುವೆಯ ಕಥೆ. ಇಥಿಯೋಪಿಯಾದ ಕೆಂಬಾಟಾ ಪ್ರದೇಶದ ಬೊಗಾಲೆಚ್ ಗೆಬ್ರೆ. ನೀರು ತರುವ ನೆಪ ಹೇಳಿ ಮನೆಯಿಂದ ತಪ್ಪಿಸಿಕೊಂಡು ಶಾಲೆಗೆ ಹೋಗುತ್ತಿದ್ದ ಹುಡುಗಿ. ಜೆರುಸಲೇಮ್‌ನಲ್ಲಿ ಓದಿದರು, ಅಮೆರಿಕದಲ್ಲಿ ಓದಿದರು. 1997ರಲ್ಲಿ ತಂಗಿ ಫಿಕಿರ್ತೆ ಜೊತೆ ಸೇರಿ ಊರಲ್ಲಿ ಕೆಎಂಜಿ ಎಂಬ ಸಂಸ್ಥೆ ಕಟ್ಟಿದರು. ಹೋಗಿ ಏಡ್ಸ್ ಬಗ್ಗೆ, ಹೆಣ್ಣುಮಕ್ಕಳ ಬಗ್ಗೆ ಮಾತಾಡಿದರೆ ಜನರು ಕೇಳಿದ್ದು ಸೇತುವೆ. ಸಂತೆಗೂ ಶಾಲೆಗೂ ಹೋಗಲು ಹಳ್ಳ ಅಡ್ಡ. ಬೊಗಾಲೆಚ್ ಏನು ಮಾಡಿದರು ಗೊತ್ತಾ? ಸೇತುವೆಯನ್ನೇ ಮೊದಲು ಕಟ್ಟಿಸಿಕೊಟ್ಟರು.

ಈಗ ಇದನ್ನು ದೇಣಿಗೆ ಕರಪತ್ರದಲ್ಲಿ ಹೇಗೆ ಹಾಕುತ್ತೀರಿ? 'ನಿಮ್ಮ ಹಣದಿಂದ ಸೇತುವೆ ಕಟ್ಟುತ್ತೇವೆ, ಅದರಿಂದ ಮುಂದೊಂದು ದಿನ ಹುಡುಗಿಯರನ್ನು ಕೊಯ್ಯುವುದು ನಿಲ್ಲಬಹುದು' ಅಂದರೆ ಯಾರು ದುಡ್ಡು ಕೊಡುತ್ತಾರೆ? ಆದರೆ ನಡೆದದ್ದು ಹಾಗೇ. ಸೇತುವೆ ಆದ ಮೇಲೆ ಜನ ಅವರ ಮಾತು ಕೇಳಲು ಕೂತರು. ವಾರಗಟ್ಟಲೆ ಕೂತು ಚರ್ಚೆ, ಗಂಡಸರು, ಹೆಂಗಸರು, ಹಿರಿಯರು, ಹುಡುಗರು. 2002ರಲ್ಲಿ ಒಂದು ಮದುವೆ ನಡೆಯಿತು. ವಧು ಕೊರಳಿಗೆ ಫಲಕ ಹಾಕಿಕೊಂಡಿದ್ದಳು, ನನ್ನನ್ನು ಕೊಯ್ದಿಲ್ಲ, ನನ್ನಿಂದ ಕಲಿಯಿರಿ ಅನ್ನುವ ಅರ್ಥದ್ದು. ವರನ ಕೊರಳಲ್ಲೂ ಒಂದು, ಇಂಥ ಹುಡುಗಿಯನ್ನು ಮದುವೆಯಾಗುವುದು ನನಗೆ ಸಂತೋಷ ಅಂತ. ನನ್ನ ಕಣ್ಣು ನಿಂತದ್ದು ವರನ ಫಲಕದ ಮೇಲೆ. ಚೀನಾದ ಅಪ್ಪ ಅಮ್ಮಂದಿರ ಎರಡನೇ ಆಣೆ ಅದೇ ಅಲ್ವಾ? ಬೊಗಾಲೆಚ್ 2019ರಲ್ಲಿ ತೀರಿಕೊಂಡರು.

ಇದಕ್ಕೆ ತದ್ವಿರುದ್ಧವಾದ ಕೆಲಸವೂ ನಡೆಯುತ್ತದೆ. ಕೊಯ್ಯುವ ಅಜ್ಜಿಯರನ್ನು ಕರೆದು, ಹೊಲಿಗೆ ಯಂತ್ರವೋ ಆಡು ಕುರಿಯೋ ಕೊಟ್ಟು, ಅವರಿಂದ ಚಾಕು ಕೆಳಗಿಡಿಸಿ ಫೋಟೋ ತೆಗೆಯುವುದು. ಪೂರ್ತಿ ದಂಡ ಅನ್ನುವುದಿಲ್ಲ. ಆ ಅಜ್ಜಿಗೂ ಹೊಟ್ಟೆಪಾಡು ಬೇಕು. ಆದರೆ ಮಾಡಿಸಬೇಕು ಅನ್ನುವವರು ಇರುವವರೆಗೆ ಪಕ್ಕದೂರಿನಿಂದ ಇನ್ನೊಬ್ಬ ಅಜ್ಜಿ ಬರುತ್ತಾಳೆ. ಅಜ್ಜಿ ಸಿಗದಿದ್ದರೆ ಡಾಕ್ಟರ್ ಸಿಗುತ್ತಾನೆ. ಈಜಿಪ್ಟ್‌ನಲ್ಲಿ ಆಗಿರುವುದು ಅದೇ. ಅಲ್ಲಿ ಈಗ ಇದನ್ನು ಜಾಸ್ತಿ ಮಾಡುವವರು ಡಾಕ್ಟರ್‌ಗಳು, ನರ್ಸ್‌ಗಳು. ಕೊಳಕು ಬ್ಲೇಡು, ಸೋಂಕು ಅಂತ ಮಾತ್ರ ಹೆದರಿಸಿದ ಪ್ರಚಾರದ ಫಲ ಇದು ಅಂತ ನನ್ನ ಅನಿಸಿಕೆ. ಜನ ಪಾಠ ಕಲಿತರು, ಸ್ವಚ್ಛವಾದ ಬ್ಲೇಡು ಹುಡುಕಿಕೊಂಡು ಕ್ಲಿನಿಕ್‌ಗೆ ಹೋದರು. 2007ರಲ್ಲಿ ಮಿನ್ಯಾ ಪ್ರಾಂತ್ಯದಲ್ಲಿ ಒಬ್ಬ ಹುಡುಗಿ ಕ್ಲಿನಿಕ್‌ನಲ್ಲೇ ಸತ್ತಳು. ಅದರ ಗದ್ದಲದಲ್ಲಿ 2008ರಲ್ಲಿ ಇದನ್ನು ನಿಷೇಧಿಸುವ ಕಾನೂನು ಬಂತು.

ಕಾನೂನು ಬೇಕಾ? ಬೇಕು. ಸೆನೆಗಲ್ ಪಕ್ಕದ ಗ್ಯಾಂಬಿಯಾದಲ್ಲಿ 2015ರಲ್ಲಿ ನಿಷೇಧ ಬಂತು. 2023ರಲ್ಲಿ ಮೊದಲ ಸಲ ಮೂವರು ಹೆಂಗಸರಿಗೆ ಶಿಕ್ಷೆಯಾಯಿತು, ತಲಾ 15,000 ದಲಾಸಿ (ಅಲ್ಲಿನ ನಾಣ್ಯ) ದಂಡ. ದಂಡ ಕಟ್ಟಿದ್ದು ಒಬ್ಬ ಇಮಾಮ್. ಅಲ್ಲಿಂದ ಶುರುವಾದ ಕೂಗು, ನಿಷೇಧವನ್ನೇ ತೆಗೆಯುವ ಮಸೂದೆಯಾಗಿ 2024ರ ಮಾರ್ಚ್‌ನಲ್ಲಿ ಸಂಸತ್ತಿನ ಮುಂದೆ ನಿಂತಿತು. ಎರಡನೇ ಹಂತದ ಮತದಾನದಲ್ಲಿ ಮಸೂದೆಯನ್ನು ವಿರೋಧಿಸಿದವರು ನಾಲ್ಕೇ ಜನ. ಆಮೇಲೆ ಅಲ್ಲಿನ ಹೆಂಗಸರು ಬಂದರು. ಕೊಯ್ಯಿಸಿಕೊಂಡವರೇ ಬಂದು ತಮ್ಮ ಕಥೆ ಹೇಳಿದರು. ಇದರ ವಿರುದ್ಧ ಹೋರಾಡುತ್ತ ಬಂದ ಗ್ಯಾಂಬಿಯಾದ ಜಹಾ ದುಕುರೆಯಂಥವರು ವರ್ಷಗಟ್ಟಲೆ ಕಟ್ಟಿದ್ದ ಸಂಸ್ಥೆಗಳು ಆಗ ಕೆಲಸಕ್ಕೆ ಬಂದವು. ಜುಲೈ 15ರಂದು ಮಸೂದೆ ಬಿದ್ದುಹೋಯಿತು. ಇದನ್ನು ಹೊರದೇಶದ ಯಾವ ಪೋಸ್ಟರೂ ಮಾಡುತ್ತಿರಲಿಲ್ಲ.

ಈಗ ಒಂದು ಮಾತು. ಈ ವಿಷಯ ಎತ್ತಿದರೆ ಕೆಲವರಿಗೆ ಒಂದು ಧರ್ಮವನ್ನು ಬೈಯಲು ಒಳ್ಳೆ ನೆಪ ಸಿಕ್ಕಂತಾಗುತ್ತದೆ. ಕೆಂಬಾಟಾದಲ್ಲಿ ಹೆಚ್ಚಿನವರು ಕ್ರೈಸ್ತರು. ಈಜಿಪ್ಟ್‌ನ ಕಾಪ್ಟಿಕ್ ಕ್ರೈಸ್ತರಲ್ಲೂ ಇದು ಇದೆ. ಕುರಾನ್‌ನಲ್ಲಿ ಇದರ ಉಲ್ಲೇಖವಿಲ್ಲ, ಬೈಬಲ್‌ನಲ್ಲೂ ಇಲ್ಲ. ಭಾರತದ ದಾವೂದಿ ಬೋಹ್ರಾ ಸಮುದಾಯದಲ್ಲಿ (ಮುಸ್ಲಿಮರ ಒಂದು ಪಂಗಡ) ಏಳರ ಆಸುಪಾಸಿನ ಹೆಣ್ಣುಮಕ್ಕಳಿಗೆ ಖತ್ನಾ ಮಾಡಿಸುತ್ತಾರೆ, ಕೊಯ್ಯುವುದಕ್ಕೆ ಅವರಲ್ಲಿ ಅದು ಹೆಸರು. ಅದರ ವಿರುದ್ಧ ಮೊದಲು ಬಾಯಿಬಿಟ್ಟವರೂ ಆ ಸಮುದಾಯದ ಹೆಂಗಸರೇ. 2015ರಲ್ಲಿ ಶುರುವಾದ ಸಹಿಯೋ ಸಂಸ್ಥೆಯ ಹೆಸರಿಗೆ ಗೆಳತಿಯರು ಅಂತ ಅರ್ಥ. ಅಲ್ಲಿ ಹೆಂಗಸರು ತಮಗಾದದ್ದನ್ನು ಹೇಳಿಕೊಳ್ಳುತ್ತಾರೆ, ಬರೆಯುತ್ತಾರೆ. ಇದನ್ನು ನಿಷೇಧಿಸಿ ಅಂತ ಸುಪ್ರೀಂ ಕೋರ್ಟಿಗೆ 2017ರಲ್ಲಿ ಅರ್ಜಿ ಹೋಯಿತು, 2018ರಲ್ಲಿ ಐವರ ಪೀಠಕ್ಕೆ, ಆಮೇಲೆ ಇನ್ನೂ ದೊಡ್ಡ ಪೀಠಕ್ಕೆ ಹೋಯಿತು. ಹೊರಗೆ ನಿಂತು ಕಿರುಚುವವರಿಂದ ಆ ಗೆಳತಿಯರಿಗೆ ಉಪಕಾರಕ್ಕಿಂತ ತೊಂದರೆಯೇ ಜಾಸ್ತಿ. ಸಮುದಾಯದೊಳಗೆ ಅವರಿಗೆ 'ಶತ್ರುಗಳ ಜೊತೆ ಸೇರಿದವಳು' ಅನ್ನುವ ಪಟ್ಟ ಸಿಗುತ್ತದೆ.

ಇಷ್ಟೆಲ್ಲ ಮಾಡಿದರೂ ಲೆಕ್ಕ ಹಿಂದೆಯೇ ಇದೆ. ಯುನಿಸೆಫ್ 2024ರಲ್ಲಿ ಕೊಟ್ಟ ಅಂಕಿ ಪ್ರಕಾರ ಕೊಯ್ಯಿಸಿಕೊಂಡು ಬದುಕುತ್ತಿರುವವರು 23 ಕೋಟಿಗೂ ಹೆಚ್ಚು. ಆಫ್ರಿಕಾದಲ್ಲಿ 14 ಕೋಟಿಗೂ ಮಿಕ್ಕಿ, ಏಷ್ಯಾದಲ್ಲಿ 8 ಕೋಟಿ. ಅದಕ್ಕೂ ಎಂಟು ವರ್ಷ ಹಿಂದಿನ ಲೆಕ್ಕಕ್ಕಿಂತ 3 ಕೋಟಿ ಜಾಸ್ತಿ, ಯಾಕೆಂದರೆ ಈ ಪದ್ಧತಿ ಇರುವ ದೇಶಗಳಲ್ಲಿ ಹೆಣ್ಣುಮಕ್ಕಳ ಸಂಖ್ಯೆಯೇ ಬೇಗ ಏರುತ್ತಿದೆ. 2030ಕ್ಕೆ ಇದನ್ನು ಕೊನೆಗೊಳಿಸುತ್ತೇವೆ ಅಂತ ವಿಶ್ವಸಂಸ್ಥೆ ಗುರಿ ಇಟ್ಟಿದೆ. ಅದಕ್ಕೆ ಈಗಿನ ವೇಗ 27 ಪಟ್ಟು ಹೆಚ್ಚಬೇಕು ಅಂತ ಅದೇ ಯುನಿಸೆಫ್ ಹೇಳುತ್ತದೆ.

ಸೆನೆಗಲ್‌ನಲ್ಲೇ ನೋಡಿ. ಸಮೀಕ್ಷೆಯಲ್ಲಿ ಕೊಯ್ಯಿಸಿಕೊಂಡ ಹೆಂಗಸರ ಪ್ರಮಾಣ 2005ಕ್ಕೆ ಶೇ. 28 ಇದ್ದದ್ದು 2019ಕ್ಕೆ ಶೇ. 25. ಅಷ್ಟೇನಾ ಅಂತ ನನಗೂ ಅನ್ನಿಸಿತು. ಘೋಷಣೆ ಮಾಡಿದ ಹಳ್ಳಿಯಲ್ಲೂ ಕೆಲವರು ಗುಟ್ಟಾಗಿ ಮಾಡಿಸುತ್ತಾರೆ, ಅದು ನಿಜ. ಇನ್ನೊಂದು ವಿಷಯವೂ ಇದೆ. ಆ ಸಮೀಕ್ಷೆ ಕೇಳುವುದು 15ರಿಂದ 49 ವರ್ಷದವರನ್ನು. ಅಲ್ಲಿ ಹೆಚ್ಚಿನವರಿಗೆ ಐದು ವರ್ಷ ತುಂಬುವ ಮೊದಲೇ ಮಾಡಿಸಿರುತ್ತಾರೆ. ಅಂದರೆ ಇವತ್ತು ಒಬ್ಬ ತಾಯಿ ಬೇಡ ಅಂದದ್ದು ಆ ಅಂಕಿಯಲ್ಲಿ ಕಾಣಲು ಹತ್ತು ಹದಿನೈದು ವರ್ಷ ಬೇಕು. ಮೂರು ವರ್ಷದ ಅನುದಾನ ಕೊಟ್ಟು ನಾಲ್ಕನೇ ವರ್ಷ ಫಲಿತಾಂಶ ಎಲ್ಲಿ ಅಂತ ಕೇಳುವ ದಾನಿಗೆ ಇದನ್ನು ಯಾರು ಹೇಳಬೇಕು? ಹಾಗಾಗಿಯೇ ಸಂಸ್ಥೆಗಳು ಎಣಿಸಲು ಸಿಗುವುದನ್ನು ಎಣಿಸುತ್ತವೆ, ಎಷ್ಟು ಕರಪತ್ರ, ಎಷ್ಟು ಸಭೆ, ಎಷ್ಟು ಹುಡುಗಿಯರನ್ನು 'ಉಳಿಸಿದೆವು' ಅಂತ. ಒಬ್ಬ ಇಮಾಮ್ ಎಷ್ಟು ಮೈಲಿ ನಡೆದರು ಅಂತ ಬರೆಯುವ ಕಾಲಂ ಆ ಫಾರಂನಲ್ಲಿ ಇರುವುದಿಲ್ಲ.

ನಾನು ಸಂಸ್ಥೆಯವರಿಗೆ ಉದ್ದದ ಪತ್ರ ಬರೆದೆ. ಅನುವಾದಕಿ ಕೇಳದೆ ಸಲಹೆ ಕೊಡಬಾರದು, ಗೊತ್ತು. ಮಗುವಿನ ಫೋಟೋ ತೆಗೆಯಿರಿ, ಆ ಸಾಲಿನ ಬದಲು 'ನಿಮ್ಮ ದೇಣಿಗೆಯಿಂದ ಒಂದು ಹಳ್ಳಿಯಲ್ಲಿ ಮೂರು ವರ್ಷ ತರಗತಿ ನಡೆಯುತ್ತದೆ' ಅಂತ ಹಾಕಿ ಅಂದೆ. ಸೌಜನ್ಯದಿಂದಲೇ ಉತ್ತರ ಬಂತು. ಅದನ್ನು ಬರೆದವರು ಈ ಕೆಲಸದಲ್ಲಿ ಬಹಳ ವರ್ಷದಿಂದ ಇರುವವರು. ನೀವು ಹೇಳುವುದು ನಮಗೂ ಗೊತ್ತು ಮೇಡಂ, ತರಗತಿ ಅಂದರೆ ಜನ ಪುಟ ತಿರುಗಿಸುತ್ತಾರೆ, ಅಂತ ಬರೆದಿದ್ದರು.

ಹೋದ ವಾರ ಅಚ್ಚಾದ ಪ್ರತಿ ಬಂತು. ಫೋಟೋ ತೆಗೆದಿದ್ದಾರೆ. ಅಲ್ಲಿ ಈಗ ಮರದ ಕೆಳಗೆ ಕೂತ ಒಂದಷ್ಟು ಹೆಂಗಸರಿದ್ದಾರೆ, ಒಬ್ಬಳ ಮಡಿಲಲ್ಲಿ ಸ್ಲೇಟು. 'ಕೊಯ್ಯುವುದು' ಅನ್ನುವ ಪದ ಉಳಿಸಿಕೊಂಡಿದ್ದಾರೆ. ಒಬ್ಬ ಹುಡುಗಿಯನ್ನು ಉಳಿಸಿ ಅನ್ನುವ ಸಾಲು ಹಾಗೇ ಇದೆ, ಅಕ್ಷರ ಮಾತ್ರ ಸ್ವಲ್ಪ ಸಣ್ಣದಾಗಿದೆ.