ಅವಲಕ್ಕಿ ಸರ ಮತ್ತು ನನ್ನ ಮಂಡಿ

ನಮ್ಮ ಮನೆ ಟಾಯ್ಲೆಟ್ಟಿನ ನಲ್ಲಿ ಕಿತ್ತು ಕೈಗೆ ಬಂದ ದಿನವೇ ನನ್ನ ಜಿಮ್ ಯಾತ್ರೆ ಮುಗಿಯಿತು.

ಜನವರಿಯಲ್ಲಿ ಎಲ್ಲರ ಹಾಗೆ ನನಗೂ ಹುರುಪು ಬಂದು ವರ್ಷದ ಫೀಸು ಒಟ್ಟಿಗೇ ಕಟ್ಟಿಬಿಟ್ಟಿದ್ದೆ. ದುಡ್ಡು ಹೋಯ್ತಲ್ಲ ಅನ್ನೋ ಸಂಕಟಕ್ಕಾದರೂ ಹೋಗ್ತೀನಿ ಅಂತ ಲೆಕ್ಕ. ಅಲ್ಲಿ ಕಲಿಸುವ ಹುಡುಗ ಒಳ್ಳೆಯವನೇ, ಆದರೆ ಅವನಿಗೆ ಎಣಿಕೆ ಬರುತ್ತಿರಲಿಲ್ಲ. 'ಸೆವೆನ್, ಎಯ್ಟ್, ನೈನ್... ಆಂಟಿ, ಇನ್ನೊಂದೇ ಒಂದು... ನೈನ್... ನೈನ್...' ಟೆನ್ ಅನ್ನೋದನ್ನು ಅವನ ಬಾಯಲ್ಲಿ ನಾನು ಕೇಳಲೇ ಇಲ್ಲ. ನಾನೋ ಶಾಲೆಯಲ್ಲಿ ಮಗ್ಗಿ ಹೇಳಿಕೊಡುವವಳು. ಎಷ್ಟು ದಿನ ಸಹಿಸಲಿ?

ಹನ್ನೊಂದನೇ ದಿನ ಬಸ್ಕಿ ಹೊಡೆಸಿದ. ಅವತ್ತು ಏನೂ ಆಗಲಿಲ್ಲ. ಹೊಸ ಕಸರತ್ತಿನ ನೋವಿನ ಬುದ್ಧಿಯೇ ಹಾಗೆ, ಸಾಲಗಾರನ ಹಾಗೆ ತಡವಾಗಿ ಬರುತ್ತೆ. ಒಂದೆರಡು ದಿನ ಕಳೆದ ಮೇಲೆ ಪೂರ್ತಿ ಏರುತ್ತೆ. ಎರಡು ದಿನ ಬಿಟ್ಟು ಬೆಳಿಗ್ಗೆ ಇಂಡಿಯನ್ ಟಾಯ್ಲೆಟ್ಟಿನಲ್ಲಿ ಕೂತೆ. ಕೂತಿದ್ದೇನೋ ಕೂತೆ, ಏಳಲು ಆಗಲಿಲ್ಲ. ತೊಡೆ ಎರಡೂ ಕಲ್ಲು. ಕೈಗೆ ಸಿಕ್ಕಿದ್ದು ನಲ್ಲಿ. ಹಿಡಿದು ಎಳೆದೆ. ನಾನು ಏಳಲಿಲ್ಲ, ಅದು ಬಂತು. ಹಿಂದೆಯೇ ನೀರು. ಯಜಮಾನರು ತಾರಸಿಗೆ ಓಡಿ ವಾಲ್ವ್ ತಿರುಗಿಸಿದರು. ಒಳಗಿಂದ ಚಿಲಕ ಹಾಕಿತ್ತು ಅನ್ನೋದನ್ನು ಇಲ್ಲಿ ವಿವರಿಸಲ್ಲ. ಪ್ಲಂಬರ್ ತೆಗೆದುಕೊಂಡ ಕೂಲಿ ಜಿಮ್‌ನ ಒಂದು ತಿಂಗಳ ಫೀಸಿಗಿಂತ ಜಾಸ್ತಿ. ಹೋಗುವಾಗ 'ಮೇಡಂ, ಇದು ಹಿಡ್ಕೊಂಡು ಏಳೋದಕ್ಕಲ್ಲ' ಅಂತ ಬುದ್ಧಿಯನ್ನೂ ಹೇಳಿದ.

ಆಮೇಲೆ ಮೊಬೈಲಿನಲ್ಲಿ ದಿನಕ್ಕೆ 10,000 ಹೆಜ್ಜೆಯ ವ್ರತ ಹಿಡಿದೆ. ರಾತ್ರಿ ಹತ್ತಕ್ಕೆ ಊಟದ ಮೇಜಿನ ಸುತ್ತ ಸುತ್ತುತ್ತಿದ್ದರೆ ಯಜಮಾನರು 'ಏನು ಹುಡುಕ್ತಿದ್ದೀಯ?' ಅಂದರು. 'ಎಂಟುನೂರು ಹೆಜ್ಜೆ' ಅಂದೆ. ಈ ಹತ್ತು ಸಾವಿರ ಯಾವ ಡಾಕ್ಟರ ಲೆಕ್ಕವೂ ಅಲ್ವಂತೆ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರುಕಟ್ಟೆಗೆ ಬಿಟ್ಟಾಗ ಅದಕ್ಕೆ 'ಹತ್ತು ಸಾವಿರ ಹೆಜ್ಜೆಯ ಮೀಟರು' ಅನ್ನೋ ಅರ್ಥದ ಹೆಸರಿಟ್ಟಿದ್ದರು. ಅದೇ ಲೋಕಕ್ಕೆಲ್ಲ ಅಂಟಿಕೊಂಡಿತು. ಇದು ಗೊತ್ತಾದ ರಾತ್ರಿಯೇ ನಾನು ಆರು ಸಾವಿರಕ್ಕೆ ನಿಲ್ಲಿಸಿ ಮಲಗಿದೆ. ಅಷ್ಟರಲ್ಲಿ ಮಳೆಯೂ ಶುರುವಾಯಿತು. ಚಿಕ್ಕಮಗಳೂರಿನ ಮಳೆಗಾಲಕ್ಕಿಂತ ಒಳ್ಳೆಯ ನೆಪ ಯಾರಿಗೆ ಬೇಕು? ಆಗಸ್ಟಿನಲ್ಲಿ ಶೂ ತೆಗೆದು ನೋಡಿದರೆ ಬಿಳಿ ಬೂಷ್ಟು ಹಿಡಿದು ಕರಿಕಡುಬಿಗೆ ಕಾಯಿತುರಿ ಉದುರಿಸಿದ ಹಾಗಿತ್ತು.

ಆ ಶೂಗಳನ್ನು ಗೇಟಿನ ಹತ್ತಿರ ಬಿಸಿಲಿಗೆ ಇಡುತ್ತಿದ್ದಾಗ ಎದುರುಮನೆ ದೊಡ್ಡಮ್ಮ ನೋಡಿದರು. 'ವಾಕಿಂಗ್ ಹೊರಟ್ಯೇನೇ? ಬಾ, ಜೊತೆಗಾಗುತ್ತೆ' ಅಂದರು. ಇಲ್ಲ ಅನ್ನೋಕೆ ನಾಲಿಗೆ ಬರಲಿಲ್ಲ.

ದೊಡ್ಡಮ್ಮನಿಗೆ ಅರವತ್ತೇಳು. ಸೀರೆ, ಸ್ವೆಟರು, ತಲೆಗೆ ಮಫ್ಲರು, ಕಾಲಿಗೆ ಹವಾಯಿ ಚಪ್ಪಲಿ. ರತ್ನಗಿರಿ ಬೋರೆಯ ಏರನ್ನು ಅಂಗಡಿಗೆ ಕೊತ್ತಂಬರಿ ಸೊಪ್ಪಿಗೆ ಹೋದವರ ಹಾಗೆ ಹತ್ತುತ್ತಾರೆ. ನಡಿಗೆ ಹದವಾಗಿದೆ ಅಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು ಅಂತ ವ್ಯಾಯಾಮ ಬಲ್ಲವರು ಹೇಳ್ತಾರಲ್ಲ, ದೊಡ್ಡಮ್ಮ ಎರಡೂ ಮಾಡುತ್ತಿದ್ದರು. ನನಗೆ ಎರಡೂ ಆಗುತ್ತಿರಲಿಲ್ಲ. ಹಾಗಾಗಿ ಕೇಳಿಸಿಕೊಂಡೆ.

ಕಥೆ ಅವರು ಲಂಗ ದಾವಣಿ ಹಾಕುತ್ತಿದ್ದ ಕಾಲದ್ದು. ಆಲ್ದೂರಿನ ಕಡೆ ಒಂದು ಮದುವೆ. ಧಾರೆಯ ಹಿಂದಿನ ರಾತ್ರಿ ಮದುಮಗಳ ಅವಲಕ್ಕಿ ಸರ ಮಾಯ. 'ಟ್ರಂಕಿನ ಬೀಗ ಹಾಕಿದ ಹಾಗೇ ಇತ್ತು. ಬೀಗದ ಕೈ ಅತ್ತೆ ಸೊಂಟದಲ್ಲೇ ಇತ್ತು. ತೆಗೆದು ನೋಡಿದರೆ...' ಅನ್ನುವಷ್ಟರಲ್ಲಿ ನಮ್ಮ ಗೇಟು ಬಂತು. 'ಹಾಲಿನವನು ಬಂದ ಕಣೇ. ಉಳಿದಿದ್ದು ನಾಳೆ.'

ಮರುದಿನ ಐದೂಮುಕ್ಕಾಲಿಗೆ ನಾನೇ ಅವರ ಗೇಟಿನಲ್ಲಿ ನಿಂತಿದ್ದೆ. ಅಲಾರಾಂ ಇಟ್ಟಿರಲಿಲ್ಲ, ಆಣೆಗೂ.

ಹೀಗೇ ನಡೆಯಿತು. ಬೀಗರ ಕಡೆಯ ಭಾವನ ಮೇಲೆ ಅನುಮಾನ ಬರಲು ಹತ್ತು ದಿನ. ಬಾವಿಗೆ ಕೊಕ್ಕೆ ಇಳಿಸಿ ಹುಡುಕಲು ನಾಲ್ಕು ದಿನ. ಮಳೆ ಬಂದರೆ ಕೊಡೆ ಹಿಡಿದು ಹೋದೆವು. ಒಂದು ದಿನ ದೊಡ್ಡಮ್ಮನಿಗೆ ನೆಗಡಿ, ಮಾತಿಲ್ಲ. ಕಥೆಯಿಲ್ಲದ ಬೋರೆ ಎಷ್ಟು ಎತ್ತರ ಅಂತ ಅವತ್ತೇ ನನಗೆ ಗೊತ್ತಾಗಿದ್ದು.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಇದನ್ನೇ ಪ್ರಯೋಗ ಮಾಡಿ 2014ರಲ್ಲಿ ಪ್ರಕಟಿಸಿದ್ದಾರೆ. ಕುತೂಹಲದ ಕಾದಂಬರಿಗಳ ಆಡಿಯೋ ಪುಸ್ತಕಗಳನ್ನು ಕೊಟ್ಟು, ಜಿಮ್‌ನಲ್ಲಿ ಮಾತ್ರ ಕೇಳಬಹುದು ಅಂತ ಕಟ್ಟು ಮಾಡಿದರಂತೆ. ಜನ ಜಿಮ್‌ಗೆ ಜಾಸ್ತಿ ಬಂದರು. ಆದರೆ ಅವರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆ ಬಂದದ್ದೇ ತಡ, ಹುರುಪು ಇಳಿದುಹೋಯಿತು. ದೊಡ್ಡಮ್ಮ ಇದನ್ನೆಲ್ಲ ಓದಿದವರಲ್ಲ. ಹಬ್ಬಕ್ಕೆ ಏನು ಮಾಡಬೇಕು ಅನ್ನೋದು ಮಾತ್ರ ಅವರಿಗೆ ಗೊತ್ತಿತ್ತು.

ದೀಪಾವಳಿ ಹತ್ತಿರ ಬಂದಾಗ ಮೆತ್ತಗೆ ಅಂದರು, 'ಸರ ಏನಾಯ್ತು ಅಂತ ದೇವೀರಮ್ಮನ ಬೆಟ್ಟದ ಮೇಲೆ ಹೇಳ್ತೀನಿ.'

ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಮಲ್ಲೇನಹಳ್ಳಿ ಕಡೆಯ ಆ ಬೆಟ್ಟವನ್ನು ನರಕ ಚತುರ್ದಶಿಯ ಹೊತ್ತಿಗೆ ಜನ ಹತ್ತುತ್ತಾರೆ, ಬರಿಗಾಲಲ್ಲಿ, ರಾತ್ರಿಯಿಂದಲೇ. ಈ ಊರಿನಲ್ಲೇ ಹುಟ್ಟಿ ಬೆಳೆದರೂ ನಾನು ಕೆಳಗಿಂದಲೇ ಕೈ ಮುಗಿದವಳು.

ಹತ್ತಿದೆ. ಕೆಸರಿನಲ್ಲಿ ಎರಡು ಸಲ ಕೂತೆ. ಎರಡೂ ಸಲ ಏನನ್ನೂ ಕೀಳದೆ ಎದ್ದೆ, ಇದನ್ನು ದಯವಿಟ್ಟು ಗಮನಿಸಬೇಕು. ಮುಂದೆ ನೋಡಿದರೆ ಟಾರ್ಚಿನ ಸಾಲು ಆಕಾಶಕ್ಕೇ ಏರಿದ ಹಾಗೆ. ಹಿಂದೆ ಯಾರದೋ ಮಗು ಅಪ್ಪನ ಹೆಗಲ ಮೇಲೆ ನಿದ್ದೆ. ನನ್ನ ಮುಂದೆ ಸೆರಗು ಸಿಕ್ಕಿಸಿದ ದೊಡ್ಡಮ್ಮ, ಒಂದೂ ಮಾತಿಲ್ಲ. ಬೇಕಂತಲೇ.

ದರ್ಶನ ಆಯಿತು. ಪೂರ್ವದಲ್ಲಿ ಬೆಳಕು ಹರಿಯಿತು. ಒಂದು ಬಂಡೆ ಮೇಲೆ ಕೂತು, ಕೊಬ್ಬರಿ ಚೂರು ಕೈಗೆ ಕೊಟ್ಟರು. ನಾನು ತಿನ್ನಲಿಲ್ಲ.

'ದೊಡ್ಡಮ್ಮಾ, ಈಗ ಹೇಳಿ. ಸರ ಯಾರ ಹತ್ರ ಇತ್ತು?'

'ಸರವಾ? ಇವತ್ತಿಗೂ ಸಿಕ್ಕಿಲ್ಲ ಕಣೇ.'

ನನಗೆ ಏನು ಹೇಳಬೇಕೋ ತೋಚಲಿಲ್ಲ. ಮೂರು ತಿಂಗಳು! ಬಾವಿ, ಭಾವ, ಬೀಗದ ಕೈ! ನನ್ನ ಮುಖ ನೋಡಿ ಅವರಿಗೆ ಪಾಪ ಅನಿಸಿರಬೇಕು. ಮಂಡಿಗೆ ಕೈ ಕೊಟ್ಟು ಎದ್ದರು.

'ಆದರೆ ಅದೇ ಮದುವೇಲಿ ಅಡಿಗೆ ಭಟ್ಟರು ಮದುಮಗಳ ತಂಗಿ ಜೊತೆ ಲಾರಿ ಹತ್ತಿದ್ದು ಹೇಳಿದ್ನಾ ನಿಂಗೆ?'

ಇಳಿಯೋದು ಇನ್ನೂ ಪೂರ್ತಿ ಬಾಕಿ ಇತ್ತು. ನಾನು ಕೊಬ್ಬರಿ ಬಾಯಿಗೆ ಹಾಕಿಕೊಂಡು ಎದ್ದೆ.