ತುರ್ತು ಅಧಿಕಾರಕ್ಕೆ ಗಡುವು ಬೇಕು

ನಾನಿರುವ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಕೋವಿಡ್ ಕಾಲಿಟ್ಟಾಗ ಗವರ್ನರ್ ಕೈಯಲ್ಲಿ ಎರಡು ತುರ್ತು ಕಾನೂನುಗಳಿದ್ದವು. 1943ರ ಡೆಟ್ರಾಯಿಟ್ ಗಲಭೆಯ ಬಳಿಕ, 1945ರಲ್ಲಿ ಬಂದ ಕಾನೂನಿಗೆ ಗಡುವೇ ಇರಲಿಲ್ಲ. 1976ರ ಕಾನೂನಿನಡಿ ಮಾತ್ರ 28 ದಿನಗಳ ನಂತರ ತುರ್ತುಸ್ಥಿತಿ ಮುಂದುವರಿಯಲು ಶಾಸನಸಭೆ ಒಪ್ಪಬೇಕಿತ್ತು. ಒಂದು ಇನ್ನೊಂದನ್ನು ಪೊಳ್ಳಾಗಿಸುವಂತಿದ್ದರೂ ಎರಡೂ ದಶಕಗಟ್ಟಲೆ ಜೊತೆಯಲ್ಲೇ ಉಳಿದವು.

2020ರ ಏಪ್ರಿಲ್ 30ಕ್ಕೆ ಶಾಸನಸಭೆಯ ಒಪ್ಪಿಗೆ ಮುಗಿಯಿತು. ಗವರ್ನರ್ ಗ್ರೆಚೆನ್ ವಿಟ್ಮರ್ ಹಳೆಯ ಕಾನೂನನ್ನೂ ಆಧರಿಸಿ ಆದೇಶಗಳನ್ನು ಮುಂದುವರಿಸಿದರು. ಅವು ಜೀವ ಉಳಿಸಲೆಂದೇ ಬಂದ ಆದೇಶಗಳು ಎಂಬುದು ನನ್ನ ನಂಬಿಕೆ. ಆದರೆ ಅಕ್ಟೋಬರ್ 2ರಂದು ರಾಜ್ಯದ ಸುಪ್ರೀಂ ಕೋರ್ಟ್ 4–3ರ ಬಹುಮತದಿಂದ 1945ರ ಕಾನೂನು ಸಂವಿಧಾನಬಾಹಿರ ಎಂದಿತು. ಆರೋಗ್ಯ ಇಲಾಖೆ ಕೆಲವೇ ದಿನಗಳಲ್ಲಿ ಮೂರನೆಯದೊಂದು ಕಾನೂನಿನಡಿ ಅದೇ ಬಗೆಯ ಆದೇಶ ಹೊರಡಿಸಬೇಕಾಯಿತು. ಸೋಂಕು ಹಬ್ಬುತ್ತಿರುವಾಗ ಯಾವ ನಿಯಮ ಜಾರಿಯಲ್ಲಿದೆ ಎಂದು ಅಂಗಡಿಯವರೂ ಶಾಲೆಯವರೂ ತಡಕಾಡುವಂತಾಗಬಾರದು. 2021ರ ಜುಲೈಯಲ್ಲಿ, ನಾಗರಿಕರು ಸಹಿ ಸಂಗ್ರಹಿಸಿ ತಂದ ಪ್ರಸ್ತಾವವನ್ನು ಒಪ್ಪಿ ಶಾಸನಸಭೆ ಹಳೆಯ ಕಾನೂನನ್ನು ರದ್ದುಮಾಡಿತು.

ಕರ್ನಾಟಕ ಒಂದು ಒಳ್ಳೆಯ ಕೆಲಸ ಮಾಡಿದೆ. ರಾಜ್ಯದ ಬೇರೆ ಬೇರೆ ಪ್ರದೇಶಗಳಿಗೆ ಬೇರೆ ಬೇರೆಯಾಗಿದ್ದ ಸಾಂಕ್ರಾಮಿಕ ರೋಗದ ಕಾನೂನುಗಳನ್ನು 2020ರಲ್ಲಿ ಒಂದುಗೂಡಿಸಿತು. ಆದರೆ ಇಷ್ಟು ದಿನಗಳಾದ ಮೇಲೆ ಸದನ ಒಪ್ಪದಿದ್ದರೆ ಆದೇಶ ತಾನಾಗಿ ರದ್ದಾಗುತ್ತದೆ ಎಂಬ ಮಾತು ಅದರಲ್ಲಿಲ್ಲ. ಕೇಂದ್ರದ 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲೂ ಇಲ್ಲ. 2020ರ ಮಾರ್ಚ್‌ನಿಂದ 2022ರ ಮಾರ್ಚ್ ಕೊನೆಯವರೆಗೆ ಅದರಡಿ ಕೇಂದ್ರದ ಆದೇಶಗಳು ನಡೆದದ್ದು ಗೃಹ ಸಚಿವಾಲಯದ ಮುದ್ರೆಯಿಂದಲೇ.

ಗಡುವಿನ ಅರಿವು ನಮಗಿಲ್ಲವೆಂದಲ್ಲ. 1975ರ ತುರ್ತು ಪರಿಸ್ಥಿತಿಯನ್ನು ಉಂಡ ದೇಶ ನಮ್ಮದು. ಸಂವಿಧಾನದ 44ನೇ ತಿದ್ದುಪಡಿಯ ನಂತರ, 352ನೇ ವಿಧಿಯ ತುರ್ತು ಪರಿಸ್ಥಿತಿ ಘೋಷಣೆಗೆ ಸಂಸತ್ತಿನ ಒಪ್ಪಿಗೆ ಒಂದು ತಿಂಗಳೊಳಗೆ ಸಿಗಬೇಕು, ಆರು ತಿಂಗಳಿಗೊಮ್ಮೆ ಮತ್ತೆ ಸಿಗಬೇಕು. ಅಷ್ಟು ದೊಡ್ಡ ಅಧಿಕಾರಕ್ಕೇ ಕಟ್ಟಿದ ಬೇಲಿಯನ್ನು ಜಿಲ್ಲಾಧಿಕಾರಿ ಮನೆಬಾಗಿಲು ಮುಚ್ಚಿಸುವ ಕಾಯ್ದೆಗೆ ಏಕೆ ಕಟ್ಟಲಿಲ್ಲ?

ಮೊದಲ ಮೂವತ್ತು ದಿನ ಸರ್ಕಾರಕ್ಕೆ ಪೂರ್ಣ ಅಧಿಕಾರವಿರಲಿ. ಪ್ರವಾಹ, ಸೋಂಕು ಚರ್ಚೆಗೆ ಕಾಯುವುದಿಲ್ಲ. ಬಳಿಕ ವಿಧಾನಮಂಡಲ ಒಪ್ಪಲೇಬೇಕು, ಸದಸ್ಯರು ಒಂದೆಡೆ ಸೇರಲಾಗದಿದ್ದರೆ ಆನ್‌ಲೈನ್‌ನಲ್ಲಾದರೂ ಮತ ಹಾಕಬೇಕು. ಈ ತಿದ್ದುಪಡಿಯನ್ನು ಕಾಯಿಲೆಯಿಲ್ಲದ ಈ ದಿನಗಳಲ್ಲೇ ಬೆಂಗಳೂರಿನಲ್ಲಿ ಮಂಡಿಸಬೇಕು.